ಅರ್ಧಕ್ಕೆ ನಿಂತ ದೀಪ

ತನಿಖೆಗೆ ಬಂದಿದ್ದ ಅಧಿಕಾರಿ ಬರೆದುಕೊಂಡು ಹೋದದ್ದು ಇಷ್ಟು: ಕೆಲಸಗಾರ ತೊಟ್ಟಿಗೆ ಇಳಿಯುವ ಮೊದಲು ದೀಪ ಬಿಟ್ಟು ನೋಡಿಲ್ಲ, ದೀಪ ಕಂಬದ ಮೊಳೆಯಲ್ಲೇ ಇತ್ತು, ಸಾವಿಗೆ ಅವನ ಅಜಾಗರೂಕತೆಯೇ ಕಾರಣ. ಆ ದೀಪವನ್ನು ಮೊಳೆಗೆ ನೇತುಹಾಕಿದ್ದು ತಾನು ಎಂದು ಪೀಪಾಯಿ ಮೇಸ್ತ್ರಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಸತ್ತವನು ಅವನ ಅಳಿಯ.

ಮೇಸ್ತ್ರಿಗೆ ಆ ಅಡ್ಡಹೆಸರು ಬಂದದ್ದು ಮೈಕಟ್ಟಿನಿಂದಲ್ಲ. ಆಳು ಒಣಗಿದ ಕಡ್ಡಿ. ಚಿಕ್ಕಂದಿನಲ್ಲಿ ಇನ್ನೂ ಸಪೂರವಾಗಿದ್ದ. ದೊಡ್ಡ ಮರದ ಪೀಪಾಯಿಗಳ ತಳದ ಕಿಂಡಿಯಲ್ಲಿ ತಲೆ ತೂರಿಸಿ, ಭುಜ ಓರೆ ಮಾಡಿ ಒಳಗೆ ಹೋಗಿ, ಅಂಟಿದ ಕೆಂಪು ಗಸಿಯನ್ನು ಕೆರೆದು ತೊಳೆದು ಬರುತ್ತಿದ್ದ. ವೈನ್ ಕಾರ್ಖಾನೆಗೆ ಅಂಥ ಮೈ ಬೇಕಾಗಿತ್ತು. ಅಲ್ಲಿಂದ ಶುರುವಾದವನು ನೆಲಮಾಳಿಗೆಯ ಪೂರ್ತಿ ಉಸ್ತುವಾರಿಗೆ ಬಂದ. ಯಾವ ಪೀಪಾಯಿ ಎಲ್ಲಿ ಒಸರುತ್ತದೆ, ಯಾವ ತೊಟ್ಟಿ ಬೇಗ ಬಿಸಿಯೇರುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಮದುವೆಯಾದದ್ದು, ಮಗಳು ಹುಟ್ಟಿದ್ದು, ಹೆಂಡತಿ ತೀರಿಕೊಂಡದ್ದು ಎಲ್ಲವೂ ಕಾರ್ಖಾನೆಯ ಹಿಂದಿನ ಸಾಲು ಮನೆಗಳ ಕೊನೆಯ ಮನೆಯಲ್ಲಿ.

ಆ ನೆಲಮಾಳಿಗೆಯ ತೊಟ್ಟಿಗಳು ಹಳೆಯ ಕಾಲದವು. ನೆಲದೊಳಗೆ ಹೂತ ಕಾಂಕ್ರೀಟಿನ ಗುಂಡಿಗಳು, ಎರಡಾಳು ಆಳ, ಮೇಲೆ ಮೊಣಕಾಲೆತ್ತರದ ಕಟ್ಟೆ. ಕೆಳಗೆ ಬಾಗಿಲಿಲ್ಲ, ಹೋಗುವುದಕ್ಕೂ ಬರುವುದಕ್ಕೂ ಮೇಲಿನ ಬಾಯಿ ಒಂದೇ. ಜಜ್ಜಿದ ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಬೀಜದ ಸಮೇತ ಅದರೊಳಗೆ ಸುರಿಯುತ್ತಾರೆ. ಅದು ಹುಳಿಯುತ್ತ, ಉಬ್ಬುತ್ತ, ಗುಳುಗುಳು ಸದ್ದು ಮಾಡುತ್ತ ತನ್ನ ಪಾಡಿಗೆ ತಾನು ವೈನ್ ಆಗುತ್ತದೆ. ಆದ ಮೇಲೆ ವೈನನ್ನು ಪಂಪಿನಿಂದ ಎಳೆದುಕೊಂಡರೆ ತಳದಲ್ಲಿ ಸಿಪ್ಪೆ, ಬೀಜದ ಚರಟ ಉಳಿಯುತ್ತದೆ. ಅದನ್ನು ಎತ್ತಲು ಒಬ್ಬ ಮನುಷ್ಯ ಸಲಿಕೆ ಹಿಡಿದು ಏಣಿಯಲ್ಲಿ ಇಳಿಯಲೇಬೇಕು.

ಇಳಿಯುವವನಿಗೆ ಶತ್ರು ಒಂದೇ. ದ್ರಾಕ್ಷಿ ಹುಳಿಯುವಾಗ ಬಿಡುವ ಗಾಳಿಗೆ ಬಣ್ಣವಿಲ್ಲ. ಅದು ನಾವು ಉಸಿರಾಡುವ ಗಾಳಿಗಿಂತ ಭಾರ. ವೈನ್ ಖಾಲಿಯಾದರೂ ಅದು ಖಾಲಿಯಾಗದೆ ತೊಟ್ಟಿಯ ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಆಳುಗಳು ಅದನ್ನು ಸತ್ತ ಗಾಳಿ ಎನ್ನುತ್ತಿದ್ದರು. ಅದಕ್ಕಾಗಿ ತಂತಿಯ ಪಂಜರದಲ್ಲಿ ಮೇಣದ ಬತ್ತಿ ಹಚ್ಚಿಟ್ಟು, ಹಗ್ಗ ಕಟ್ಟಿ ತಳ ಮುಟ್ಟುವ ತನಕ ಇಳಿಬಿಡುತ್ತಿದ್ದರು. ಹಗ್ಗ ಕೈಯಲ್ಲಿ ಸಡಿಲವಾದರೆ ತಳ ಮುಟ್ಟಿತೆಂದು ಅರ್ಥ. ಆಗಲೂ ದೀಪ ಉರಿಯುತ್ತಿದ್ದರೆ ಇಳಿಯಬಹುದು. ಆರಿದರೆ ಫ್ಯಾನ್ ಹಾಕಿ ಕಾಯಬೇಕು. ಮೇಸ್ತ್ರಿ ಇದನ್ನು ತನ್ನ ಹಿಂದಿನ ಮೇಸ್ತ್ರಿಯಿಂದ ಕಲಿತಿದ್ದ. ಅವನ ಕಾಲದಲ್ಲಿ ಅಲ್ಲಿ ಒಬ್ಬನೂ ಸತ್ತಿರಲಿಲ್ಲ.

ಕೆಟ್ಟದ್ದು ಬಂದದ್ದು ತೊಟ್ಟಿಯಿಂದಲ್ಲ, ಮಾರುಕಟ್ಟೆಯಿಂದ. ಜನ ಕುಡಿಯುವುದನ್ನು ಕಡಿಮೆ ಮಾಡಿದರು. ಹಳೆಯ ಗಿರಾಕಿಗಳು ವೈದ್ಯರ ಮಾತಿಗೆ ಹೆದರಿ ಬಿಟ್ಟರು. ಹೊಸ ವಯಸ್ಸಿನವರು ಶುರುವನ್ನೇ ಮಾಡಲಿಲ್ಲ. ಮಾಡಿದವರಿಗೂ ಬೇಕಾದದ್ದು ಬೇರೆ: ಡಬ್ಬಿಯಲ್ಲಿ ಬರುವ ವೈನ್, ಸೋಸದೆ ಮಬ್ಬಾಗಿ ಬಿಟ್ಟ ವೈನ್, ನಶೆಯನ್ನೇ ತೆಗೆದ ವೈನ್. ಹಳೆಯ ಯಜಮಾನರು ಅದೇ ಸಮಯಕ್ಕೆ ಕಣ್ಣು ಮುಚ್ಚಿದರು. ಅವರ ಸೊಸೆ ಹಲವು ದೇಶಗಳ ವೈನ್ ತೋಟಗಳನ್ನು ಸುತ್ತಿ ಬಂದು ಅಧಿಕಾರ ವಹಿಸಿಕೊಂಡರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು.

"ನಶೆ ಇಲ್ಲದ ವೈನೂ ಮಾಡಬೇಕು ಮೇಸ್ತ್ರಿ," ಎಂದರು ಮೊದಲ ವಾರವೇ.

"ಅಂದ್ರೆ ದ್ರಾಕ್ಷಿ ರಸ ತಾನೇ ಮೇಡಂ? ಅದನ್ನ ಮೊದಲ ದಿನವೇ ಬಾಟಲಿಗೆ ತುಂಬಿಬಿಡೋಣ. ಇಷ್ಟು ದಿನ ಕಾದು, ಹುಳಿಸಿ, ಆಮೇಲೆ ಹುಳಿಸಿದ್ದನ್ನ ಹೊರಗೆ ತೆಗೆಯೋ ಉಸಾಬರಿ ಯಾಕೆ?"

ಮೇಡಂ ನಕ್ಕರು. ಅವರು ಕೆಟ್ಟವರಲ್ಲ. "ಜನ ಈಗ ಕುಡಿಯೋಕೆ ಬರಲ್ಲ ಮೇಸ್ತ್ರಿ. ನೋಡೋಕೆ ಬರ್ತಾರೆ. ನಾವು ತೋರಿಸಬೇಕು. ಇಲ್ಲಾಂದ್ರೆ ಬಾಗಿಲು ಹಾಕಬೇಕು, ಅಷ್ಟೇ."

ಬಾಗಿಲು ಹಾಕುವ ಮಾತು ಮೇಸ್ತ್ರಿಯ ಎದೆಗೆ ನಾಟಿತು. ತನಗಾಗಿ ಅಲ್ಲ, ಅವನದು ಮುಗಿಯುತ್ತ ಬಂದ ನೌಕರಿ. ಮಗಳು ರುಚಿ ತೋರಿಸುವ ಕಟ್ಟೆಯಲ್ಲಿ ಬಂದವರಿಗೆ ವೈನ್ ಸುರಿದು ಕೊಡುತ್ತಿದ್ದಳು. ಅಳಿಯ ಬಾಟಲಿಗೆ ಚೀಟಿ ಅಂಟಿಸುವ ಯಂತ್ರ ನೋಡಿಕೊಳ್ಳುತ್ತಿದ್ದ. ಬಾಟಲಿಯ ಬದಲು ಡಬ್ಬಿ ಬಂದು, ಅದನ್ನು ತುಂಬುವ ಕೆಲಸ ಹೊರಗಿನವರಿಗೆ ಹೋದ ಮೇಲೆ ಆ ಯಂತ್ರ ನಿಂತಿತು. ಅಳಿಯನನ್ನು ಮನೆಗೆ ಕಳಿಸುವ ಮಾತು ಬಂದಾಗ ಮೇಸ್ತ್ರಿಯೇ ಆಫೀಸಿಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ನಿಂತ. "ಅವನನ್ನ ನನ್ನ ಕೈಕೆಳಗೆ ಹಾಕಿ. ನಾನು ಕಲಿಸ್ತೀನಿ. ನನ್ನ ನಂತರ ಮಾಳಿಗೆ ಅವನು ನೋಡ್ಕೊಳ್ಳಲಿ." ಮೇಡಂ ಒಪ್ಪಿದರು. ಬದಲಿಗೆ ಮೇಸ್ತ್ರಿ ಬಂದವರ ಮುಂದೆ ನಿಂತು ಮಾಳಿಗೆ ತೋರಿಸಬೇಕು, ಮಾತಾಡಬೇಕು.

ಅಳಿಯ ಒಂದು ತೊಟ್ಟು ಕುಡಿಯದವನು. ವೈನಿನ ವಾಸನೆಗೇ ತಲೆ ನೋವು ಬರುತ್ತದೆ ಎನ್ನುತ್ತಿದ್ದ. ಮಾಳಿಗೆಗೆ ಬಂದ ಮೊದಲ ದಿನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ.

"ಅಳಿಯದೇವ್ರು ಬ್ಯಾಂಕ್ ದೋಚೋಕೆ ಹೊರಟ ಹಾಗಿದೆ," ಎಂದ ಮೇಸ್ತ್ರಿ.

"ದೋಚೋಕೆ ಇಲ್ಲೇನಿದೆ ಮಾವ, ನಿಮ್ಮ ಮಗಳನ್ನ ಆಗಲೇ ಹೊಡ್ಕೊಂಡು ಹೋಗಿದ್ದೀನಲ್ಲ."

ಆಳುಗಳು ಗೊಳ್ಳೆಂದರು. ಮೇಸ್ತ್ರಿಗೆ ಗಂಡುಮಕ್ಕಳಿರಲಿಲ್ಲ, ಇವನು ಮಾತಿಗೆ ಮಾತು ಕೊಡುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಬಂದವರಿಗೆ ಪೀಪಾಯಿಗಳು ಬೇಸರ ತರಿಸಿದವು. ಅವರಿಗೆ ಇಷ್ಟವಾದದ್ದು ದೀಪ. ಮೇಸ್ತ್ರಿ ಬತ್ತಿ ಹಚ್ಚಿ, ಪಂಜರದ ಬಾಗಿಲು ಮುಚ್ಚಿ, ಸತ್ತ ಗಾಳಿಯ ಕಥೆ ಹೇಳುತ್ತ ಹಗ್ಗ ಬಿಡುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ತೊಳೆದ ಖಾಲಿ ತೊಟ್ಟಿಯಾದ್ದರಿಂದ ದೀಪ ಆರುತ್ತಿರಲಿಲ್ಲ. "ಉರೀತಾ ಇದೆ ನೋಡಿ. ಅಂದ್ರೆ ಇಳಿಯಬಹುದು," ಎನ್ನುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಮೊಬೈಲುಗಳು ಮೇಲೇಳುತ್ತಿದ್ದವು. ಆಮೇಲೆ ಎಲ್ಲರೂ ಕಟ್ಟೆಗೆ ಹೋಗಿ ಮಗಳು ಸುರಿದದ್ದನ್ನು ಬಾಯಿಗೆ ಹಾಕಿ, ಮುಕ್ಕಳಿಸಿ, ಬಕೆಟ್ಟಿಗೆ ಉಗಿಯುತ್ತಿದ್ದರು.

ಒಂದು ಸಂಜೆ ಮಗಳು ಕಟ್ಟೆ ಒರೆಸುತ್ತ ಹೇಳಿದಳು: "ಅಪ್ಪ, ಹಿಂದೆ ನಿಂತವರಿಗೆ ದೀಪ ಕಾಣಲ್ವಂತೆ. ದಿನಾ ಅದೇ ದೂರು. ಸ್ವಲ್ಪ ಮೇಲೇ ನಿಲ್ಲಿಸಬಾರದಾ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಮರುದಿನದಿಂದ ಮೇಸ್ತ್ರಿ ದೀಪವನ್ನು ತೊಟ್ಟಿಯ ಅರ್ಧಕ್ಕೆ ನಿಲ್ಲಿಸಿದ. ಮಿಕ್ಕ ಹಗ್ಗ ನೆಲದ ಮೇಲೆ ಸುರುಳಿ ಬಿದ್ದಿರುತ್ತಿತ್ತು. ಅದಕ್ಕೆ ಕಾಲು ಸಿಕ್ಕಿ ಒಬ್ಬ ಹೆಂಗಸು ಮುಗ್ಗರಿಸಿದ ಮೇಲೆ ಅದನ್ನೂ ಕತ್ತರಿಸಿದ. ಕತ್ತರಿಸಿದ ತುಂಡನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು, ನಿಜವಾದ ಕೆಲಸವಿದ್ದಾಗ ತಾನೇ ಗಂಟು ಹಾಕಿ ಬಳಸುತ್ತಿದ್ದ. ಹಾಗೆ ಗಂಟು ಹಾಕುವುದನ್ನು ಅಳಿಯ ನೋಡಿದ್ದನೋ ಇಲ್ಲವೋ, ಮೇಸ್ತ್ರಿ ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಅಳಿಯ ದಿನಾ ನೋಡಿದ್ದು ಮಾತ್ರ ಗೊತ್ತು. ಬಂದವರ ಗುಂಪಿನ ಹಿಂದೆ ಕೈಕಟ್ಟಿ ನಿಂತು, ಅವರ ಜೊತೆಯಲ್ಲೇ ಪಾಠ ಕೇಳಿದ್ದ. ಅರ್ಧಕ್ಕೆ ನಿಂತ ದೀಪ, ಉರಿಯುವ ದೀಪ, ಅಂದರೆ ಇಳಿಯಬಹುದು.

ಸುಗ್ಗಿಯ ಮಧ್ಯದ ಒಂದು ಬೆಳಿಗ್ಗೆ. ಹೊರಗೆ ದ್ರಾಕ್ಷಿ ತುಂಬಿದ ಗಾಡಿಗಳು ಸಾಲುಗಟ್ಟಿದ್ದವು, ತೊಟ್ಟಿ ಬೇಗ ಖಾಲಿಯಾಗಬೇಕಿತ್ತು. ವೈನ್ ಎಳೆದಾಗಿತ್ತು, ಚರಟ ಎತ್ತಬೇಕು. ಅಷ್ಟರಲ್ಲಿ ದೊಡ್ಡ ಬಸ್ಸಿನಲ್ಲಿ ಜನ ಬಂದಿಳಿದರು. ಮೇಡಂ ಮೇಲಿನ ಮೆಟ್ಟಿಲಿಂದಲೇ ಕೂಗಿದರು. ಮೇಸ್ತ್ರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟ.

"ದೀಪ ಬಿಟ್ಟು ನೋಡಿ ಇಳಿ," ಎಂದ ಅಳಿಯನಿಗೆ. "ನಾನು ಬಂದೆ."

"ಆಯ್ತು ಮಾವ. ನೀವು ಹೋಗಿ ನಿಮ್ಮ ನಾಟಕ ಮುಗಿಸ್ಕೊಂಡು ಬನ್ನಿ."

ಅಂಗಳದಲ್ಲಿ ದ್ರಾಕ್ಷಿ ಸಾಲುಗಳನ್ನು ತೋರಿಸಿ, ಫೋಟೋಗಳಿಗೆ ನಿಂತು, ಮಾಳಿಗೆಯಲ್ಲಿ ಕೆಲಸವಿದ್ದುದರಿಂದ ಗುಂಪನ್ನು ನೇರ ರುಚಿಯ ಕಟ್ಟೆಗೆ ದಾಟಿಸಿ ಮೇಸ್ತ್ರಿ ಮಾಳಿಗೆಗೆ ಇಳಿದಾಗ ಅಲ್ಲಿ ಯಾರೂ ಇರಲಿಲ್ಲ. ತೊಟ್ಟಿಯ ಬಾಯಿಯೊಳಗೆ, ನಡುಮಟ್ಟದಲ್ಲಿ, ದೀಪ ಉರಿಯುತ್ತ ನೇತಾಡುತ್ತಿತ್ತು. ಹಗ್ಗದ ತುದಿ ತೊಟ್ಟಿಯ ಕಟ್ಟೆಯ ಕಂಬಿಗೆ ಬಿಗಿದಿತ್ತು. ಪಕ್ಕದಲ್ಲೇ ಭಟ್ಟಿ ಇಳಿಸಿದ ಸ್ಪಿರಿಟ್ಟಿನ ಕೋಣೆ. ಹಚ್ಚಿದ ದೀಪವನ್ನು ಬಿಟ್ಟು ಹೋಗುವುದು ಮಾಳಿಗೆಯಲ್ಲಿ ಯಾರೂ ಮಾಡದ ಕೆಲಸ. ಮೇಸ್ತ್ರಿಗೆ ಸಿಟ್ಟು ಬಂತು. 'ಎಲ್ಲಿ ಹಾಳಾದ ಈ ಮಹಾರಾಯ' ಎಂದುಕೊಂಡು ಹಗ್ಗ ಎಳೆದ, ಪಂಜರ ತೆರೆದು ಉಫ್ ಎಂದು ಊದಿದ, ಸುರುಳಿ ಸುತ್ತಿ ಮೊಳೆಗೆ ಹಾಕಿದ. ಕೈ ತಾನಾಗಿಯೇ ಮಾಡಿದ ಕೆಲಸ. ಬೆಳಕು ಆರಿ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತೊಟ್ಟಿಯಲ್ಲಿ ಏಣಿ ಕಂಡಿತು. ಏಣಿಯ ಬುಡದಲ್ಲಿ ರಬ್ಬರ್ ಬೂಟಿನ ಅಡಿಗಳು ಮೇಲ್ಮುಖವಾಗಿ ಕಂಡವು.

ಅವನು ಕೂಗಿದ. ತೊಟ್ಟಿಯ ಕಟ್ಟೆಯ ಮೇಲೆ ಒಂದು ಕಾಲಿಟ್ಟಿದ್ದ. ಓಡಿಬಂದ ಆಳುಗಳು ಎರಡೂ ರಟ್ಟೆ ಹಿಡಿದು ಹಿಂದಕ್ಕೆಳೆದರು. "ನೀವೂ ಹೋಗ್ತೀರಾ ಮೇಸ್ತ್ರಿ, ಬೇಡ, ನೀವೂ ಹೋಗ್ಬಿಡ್ತೀರಾ." ಮುಖಕ್ಕೆ ಉಸಿರಾಟದ ಮಾಸ್ಕ್ ಕಟ್ಟಿಕೊಂಡ ಅಗ್ನಿಶಾಮಕದವರು ಬರುವ ತನಕ ಅವರು ಆ ಹಿಡಿತ ಬಿಡಲಿಲ್ಲ. ಮೇಲಕ್ಕೆತ್ತಿದಾಗ ಅಳಿಯನ ಮೈ, ಕೂದಲು, ಬಟ್ಟೆ ಎಲ್ಲ ಕೆಂಪು ಚರಟದಲ್ಲಿ ನೆನೆದು ವೈನ್ ನಾರುತ್ತಿತ್ತು. ಮೆಟ್ಟಿಲ ಮೇಲೆ ಮಗಳು ಕೈಯಲ್ಲಿ ಯಾರದೋ ಗ್ಲಾಸು ಹಿಡಿದು ನಿಂತಿದ್ದಳು.

ಆ ವಾಸನೆಯೇ ಊರಿಗೆ ಸಾಕಾಯಿತು. ಕುಡಿದು ಇಳಿದನಂತೆ ಎಂದಿತು ಒಂದು ಬಾಯಿ. ಕುಡಿಯದವನೇ ಆದರೂ ಗಮನವಿಲ್ಲದವನು ಎಂದಿತು ಇನ್ನೊಂದು. ದೀಪ ಮೊಳೆಯಲ್ಲಿತ್ತಂತಲ್ಲ ಎಂದವು ಎಲ್ಲ ಬಾಯಿಗಳೂ. ಅಳಿಯನ ತಾಯಿ ಬಂದು, ಮಣ್ಣು ಮುಗಿದ ಮೇಲೆ ಮೇಸ್ತ್ರಿಯ ಮುಂದೆ ಕುಳಿತು, "ನಿಮಗೂ ಕೆಟ್ಟ ಹೆಸರು ತಂದ ನೋಡಿ ಬೀಗರೇ, ಅಷ್ಟು ಹೇಳಿಕೊಟ್ಟಿದ್ರಂತೆ ನೀವು," ಎಂದು ಅವನ ಕ್ಷಮೆ ಕೇಳಿದಳು. ಮೇಸ್ತ್ರಿ ಗೋಡೆ ನೋಡುತ್ತ ಕುಳಿತ. ಸತ್ತವನು ತನ್ನ ಮಾತು ಚಾಚೂ ತಪ್ಪದೆ ಪಾಲಿಸಿದ್ದ, ದೀಪ ಬಿಟ್ಟು ನೋಡಿಯೇ ಇಳಿದಿದ್ದ. ಅದನ್ನು ಕಂಡ ಕಣ್ಣು ಭೂಮಿಯ ಮೇಲೆ ಇವನದೊಂದೇ. ಹೇಳಬೇಕೆಂದರೆ ಹಗ್ಗದ ಮಾತು ಬರುತ್ತದೆ. ಹಗ್ಗದ ಮಾತು ಬಂದರೆ ಮಗಳ ಮಾತು ಬರುತ್ತದೆ.

ಹೀಗೆ ಸುಗ್ಗಿ ಕಳೆಯಿತು. ಮಗಳು ಮತ್ತೆ ಕಟ್ಟೆಗೆ ಹೋಗತೊಡಗಿದಳು. ಮನೆಯಲ್ಲಿ ಅವಳು ಹೆಚ್ಚು ಅಳಲಿಲ್ಲ. ಒಂದೇ ಪ್ರಶ್ನೆ, ಪಾತ್ರೆ ಉಜ್ಜುವಾಗ, ಬಟ್ಟೆ ಮಡಿಸುವಾಗ, ಗೋಡೆಗೋ ಗಾಳಿಗೋ ಕೇಳಿದ ಹಾಗೆ ಕೇಳುತ್ತಿದ್ದಳು. "ಒಂದು ದೀಪ ಬಿಡೋಕೆ ಎಷ್ಟು ಹೊತ್ತು ಬೇಕು ಅಪ್ಪ? ನಮ್ಮಿಬ್ಬರ ನೆನಪು ಅಷ್ಟೂ ಬರಲಿಲ್ವಾ ಅವರಿಗೆ?" ನಮ್ಮಿಬ್ಬರು ಎಂದರೆ ಅವಳು ಮತ್ತು ಅವಳ ಪುಟ್ಟ ಮಗಳು.

ಆ ಪ್ರಶ್ನೆಯನ್ನು ತಡೆದುಕೊಳ್ಳಲಾರದೆ ಮೇಸ್ತ್ರಿ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತನಿಖೆಯ ಅಧಿಕಾರಿಯ ಕಚೇರಿಗೆ ಹೋದ. ಎಲ್ಲವನ್ನೂ ಹೇಳಿದ, ಮಗಳ ಮಾತೊಂದನ್ನು ಬಿಟ್ಟು. ಹಗ್ಗ ಕತ್ತರಿಸಿದ್ದು, ದೀಪ ಊದಿದ್ದು, ಮೊಳೆಗೆ ಹಾಕಿದ್ದು. "ತಪ್ಪು ನನ್ನದು ಸಾರ್. ಅವನು ನೋಡಿಯೇ ಇಳಿದಿದ್ದ. ಅಷ್ಟು ಬರ್ಕೊಳ್ಳಿ."

ಅಧಿಕಾರಿ ನಡುವಯಸ್ಸಿನವ, ದಣಿದವ. ಪೆನ್ನಿನ ಮುಚ್ಚಳ ಹಾಕಿದ. "ನಿಮ್ಮ ದೀಪ ತಳ ಮುಟ್ಟಿದ್ರೂ ಏನೂ ಗ್ಯಾರಂಟಿ ಇರಲಿಲ್ಲ ಯಜಮಾನ್ರೇ. ದೀಪ ಉರೀತಾ ಇರುವಾಗಲೇ ಜನ ತಲೆ ತಿರುಗಿ ಬಿದ್ದಿದ್ದಾರೆ. ದೀಪಕ್ಕೆ ಸಾಕಾಗೋ ಗಾಳಿ ಬೇರೆ, ಮನುಷ್ಯನಿಗೆ ಸಾಕಾಗೋದು ಬೇರೆ. ಅದಕ್ಕೇ ಅಳೆಯೋ ಯಂತ್ರ ಇಡಿ ಅಂತ ನಾವು ಬಡ್ಕೊಳ್ಳೋದು."

"ನಾವು ಇಷ್ಟು ವರ್ಷ ಇಳಿದಿದ್ದೀವಲ್ಲ ಸಾರ್."

"ಬದುಕಿದ್ರಿ. ಅಷ್ಟೇ."

"ಹಾಗಾದ್ರೆ ಅವತ್ತು ಹಗ್ಗ ಉದ್ದ ಇದ್ದಿದ್ರೆ ದೀಪ ಆರ್ತಿತ್ತೋ ಇಲ್ವೋ?"

"ಆರಿದ್ರೂ ಆರಬಹುದಿತ್ತು. ಹೇಳೋಕಾಗಲ್ಲ." ಅಧಿಕಾರಿಯ ದನಿ ಮೃದುವಾಯಿತು. "ಕಡತ ಮುಚ್ಚಿ ಮೇಲಕ್ಕೆ ಹೋಗಿದೆ. ಈ ವಯಸ್ಸಲ್ಲಿ ನಿಮಗ್ಯಾಕೆ? ಮನೆಗೆ ಹೋಗಿ."

ಬಸ್ಸಿನ ಕಿಟಕಿಯ ಪಕ್ಕ ಕುಳಿತು ಮೇಸ್ತ್ರಿ ತನ್ನ ಕೈಗಳನ್ನು ನೋಡಿಕೊಂಡ. ತಾನು ಎಷ್ಟೋ ಸಲ ಎಷ್ಟೋ ಜನರನ್ನು ಇಳಿಸಿದ್ದ. ಉರಿಯುತ್ತಿದೆ, ಇಳಿ ಎಂದಿದ್ದ. ಅವರು ಮೇಲೆ ಬಂದದ್ದು ತನ್ನ ಜಾಣತನದಿಂದ ಎಂದುಕೊಂಡಿದ್ದ. ಈಗ ತಪ್ಪು ಮಾಡಿದೆ ಎಂದು ಅಳುವುದಕ್ಕೂ ಕಾಲೂರಲು ಗಟ್ಟಿ ನೆಲ ಉಳಿದಿರಲಿಲ್ಲ. ಆದರೂ ಅಳಿಯನ ಹೆಸರಿತ್ತು. ಅದನ್ನು ಅವಳಿಗಾದರೂ ಹಿಂದಿರುಗಿಸಬಹುದಿತ್ತು.

ಮನೆಗೆ ಬಂದಾಗ ಮಗಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದ. "ಅವನು ದೀಪ ಬಿಟ್ಟಿದ್ದ ಕಣಮ್ಮ. ನಾನು ಬಂದಾಗ ಉರೀತಾ ಇತ್ತು. ಆರಿಸಿ ಮೊಳೆಗೆ ಹಾಕಿದ್ದು ನಾನು. ಹಗ್ಗ ಸಾಲದೆ ಅರ್ಧಕ್ಕೆ ನಿಂತಿತ್ತು. ಕತ್ತರಿಸಿದ್ದೂ ನಾನೇ."

ಚಾಕು ನಿಂತಿತು. ಅವಳು ತಿರುಗಲಿಲ್ಲ.

"ಹಿಂದಿನವರಿಗೆ ಕಾಣಲ್ಲ ಅಂದಿದ್ದು ನಾನು," ಎಂದಳು.

"ನೀನು ಮೇಲೆ ನಿಲ್ಲಿಸು ಅಂದೆ. ಕತ್ತರಿಸು ಅನ್ನಲಿಲ್ಲ."

"ಅವರು ನೋಡಿ ಇಳಿದ್ರು."

"ನೋಡಿ ಇಳಿದ. ನಾನು ಹೇಳಿದ ಹಾಗೇ."

"ಯಾರಿಗೆಲ್ಲ ಹೇಳಿದೀಯ?"

"ಆ ಅಧಿಕಾರಿಗೆ. ಅವನು ಬರ್ಕೊಳ್ಳಲಿಲ್ಲ. ನಾಳೆ ಬೀಗಿತಿಗೆ ಹೇಳ್ತೀನಿ. ಆ ತಾಯಿ ನನ್ನ ಕ್ಷಮೆ ಕೇಳಿದ್ದಾಳೆ ಕಣೇ, ನನ್ನ ಕ್ಷಮೆ."

ಮಗಳು ಈಗ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಸ್ತ್ರಿ ಕಾಲು ಹಿಡಿಯುತ್ತಿದ್ದ. "ಹೇಳಬೇಡ," ಎಂದಳು. "ಹೇಳಿದ್ರೆ ಅತ್ತೆ ಮನೆಯವರು ಮಗುವನ್ನ ನಮ್ಮ ಹತ್ರ ಬಿಡಲ್ಲ. ಯಾಕೆ ಬಿಡಬೇಕು? ನಾನಾಗಿದ್ರೂ ಬಿಡ್ತಿರಲಿಲ್ಲ."

"ಅವನ ಹೆಸರು..."

"ನನಗೆ ಅವಳಿದ್ದಾಳೆ ಅಪ್ಪ. ಅವಳು ನಾಳೆ ದೊಡ್ಡವಳಾಗಿ ನಮ್ಮಿಬ್ಬರ ಮುಖ ನೋಡಬೇಕು. ಇದೇ ಮನೇಲಿ, ನಾವು ಹಾಕಿದ್ದನ್ನ ಉಣ್ಣಬೇಕು." ಅವಳ ದನಿ ಕಟ್ಟೆಯಲ್ಲಿ ಗಿರಾಕಿಗಳಿಗೆ ದ್ರಾಕ್ಷಿಯ ತಳಿ ವಿವರಿಸುವಾಗಿನಷ್ಟೇ ಸಮವಾಗಿತ್ತು. "ಗೊತ್ತಿರೋದು ನಮಗಿಬ್ಬರಿಗೆ. ಅಷ್ಟೇ ಇರಲಿ."

ಎದುರಾಡಿದರೆ ಉಳಿದದ್ದೂ ಕೈಬಿಡುತ್ತಿತ್ತು. ಅವನು ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತ.

ಮೇಡಂ ತೊಟ್ಟಿಗಳಿಗೆಲ್ಲ ಜಾಲರಿ ಹಾಕಿಸಿದರು, ಗಾಳಿ ಅಳೆಯುವ ಯಂತ್ರ ತರಿಸಿದರು. ಬಂದವರಿಗೆ ಈಗ ನಶೆಯಿಲ್ಲದ ವೈನೇ ಹೆಚ್ಚು ಇಷ್ಟ. ಮೇಸ್ತ್ರಿಗೆ ಮಾಳಿಗೆಯ ಕೆಲಸ ತಪ್ಪಿಸಿ ಗೇಟಿನ ಬಳಿ ಬಸ್ಸುಗಳಿಗೆ ದಾರಿ ತೋರಿಸುವ ಕೆಲಸ ಕೊಟ್ಟರು. ದುಃಖದಲ್ಲಿದ್ದಾನೆಂದು ಎಲ್ಲರೂ ಅವನೊಡನೆ ಮೆಲ್ಲಗೆ ಮಾತಾಡುತ್ತಿದ್ದರು. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಶಾಲೆ ಬಿಟ್ಟ ಒಂದು ಮಧ್ಯಾಹ್ನ ಮೊಮ್ಮಗಳು ಚೀಲವನ್ನು ನೆಲಕ್ಕೆಸೆದು ಅಡುಗೆಮನೆಗೆ ಓಡಿದಳು. ಮೇಸ್ತ್ರಿ ಮುಂದಿನ ಕೋಣೆಯಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದ.

"ಅಮ್ಮ, ನಮ್ಮಪ್ಪ ಕುಡ್ಕೊಂಡು ಬಿದ್ರಂತೆ. ಹೌದಾ?"

"ಇಲ್ಲ. ನಿಮ್ಮಪ್ಪ ಕುಡೀತಾನೇ ಇರಲಿಲ್ಲ."

"ಮತ್ತೆ ಹೇಗೆ ಬಿದ್ರು?"

ಒಳಗೆ ನಲ್ಲಿಯ ನೀರು ನಿಂತ ಸದ್ದಾಯಿತು. ಮೇಸ್ತ್ರಿಯ ಕೈ ದಾರದ ಮೇಲೆ ಹಾಗೇ ನಿಂತಿತು. ಈಗಲಾದರೂ ಅವಳು ಹೇಳಿಬಿಡಲಿ ಎಂದು, ಹೇಳದಿರಲಿ ಎಂದು, ಎರಡನ್ನೂ ಒಂದೇ ಉಸಿರಿನಲ್ಲಿ ಬಯಸಿದ.

"ನಿಮ್ಮಪ್ಪನಿಗೆ ಸ್ವಲ್ಪ ಅವಸರ ಜಾಸ್ತಿ ಪುಟ್ಟಾ," ಎಂದಳು ಮಗಳು. "ತಾತ ನೋಡಿ ಇಳಿ ಅಂತ ಹೇಳಿದ್ರು. ಅವರು ನೋಡಲಿಲ್ಲ."

ಮಗು ಹೊರಗೆ ಬಂದು ತಾತನ ಮುಂದೆ ನಿಂತಿತು. "ಹೌದಾ ತಾತ? ನೀವು ಹೇಳಿದ್ರಾ?"

"ಹೇಳಿದ್ದೆ," ಎಂದ ಮೇಸ್ತ್ರಿ.

ಮಗು ಹತ್ತಿರ ಸರಿದು, ಅವನ ಬೂಟಿನ ಬಿಗಿದ ಗಂಟನ್ನು ತನ್ನ ಸಣ್ಣ ಉಗುರುಗಳಿಂದ ಬಿಚ್ಚಲು ಕುಳಿತಿತು.